ಟವೆಲ್ಲಿನ ಕೆಳಗೆ ಸುಳ್ಳಿಲ್ಲ

ನನ್ನ ಹೆಗಲ ಮೇಲೆ ಈಗಿರುವ ಟವೆಲ್ ಹೊಸದು. ಗಂಜಿ ಇನ್ನೂ ಬಿಟ್ಟಿಲ್ಲ, ಕುತ್ತಿಗೆಗೆ ಚುಚ್ಚುತ್ತದೆ, ಮೆಣಸಿನಕಾಯಿಯ ಘಾಟಿಗೆ ಸೀನು ಬಂದಾಗ ಮೂಗಿಗೆ ಹಿಡಿದರೆ ಬಟ್ಟೆ ಅಂಗಡಿಯ ವಾಸನೆ ಬರುತ್ತದೆ. ಹಳೆಯದು ಎಲ್ಲಿ ಹೋಯಿತು ಎಂದು ಬ್ಯಾಡಗಿ ಪೇಟೆಯಲ್ಲಿ ಕೇಳದವರಿಲ್ಲ; ಅದನ್ನು ಹೆಗಲಿಗೆ ಹಾಕಿಕೊಳ್ಳದೆ ನಾನು ಊಟಕ್ಕೂ ಕುಳಿತವನಲ್ಲ ಎಂಬುದು ಅವರಿಗೆಲ್ಲ ಗೊತ್ತು. ಒಬ್ಬರ ಮನೆಯಲ್ಲಿದೆ ಎಂದಷ್ಟೇ ಹೇಳಿ ಮಾತು ತಿರುಗಿಸಿದ್ದೇನೆ. ನೀವು ನನ್ನ ಬಳಿ ಏನನ್ನೂ ಕೊಳ್ಳಲು ಬಂದವರಲ್ಲವಾದ್ದರಿಂದ ನಿಮಗೆ ಪೂರ್ತಿ ಹೇಳಬಹುದು.

ಇಂದು ನಾನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟವನಾದರೂ ನನ್ನ ವಿದ್ಯೆಯೆಲ್ಲ ಆದದ್ದು ಹಾವೇರಿಯ ದನದ ಸಂತೆಯಲ್ಲಿ. ಅಲ್ಲಿಯ ವ್ಯಾಪಾರ ನೀವು ನೋಡಿರದಿದ್ದರೆ ಒಮ್ಮೆ ಹೋಗಿ ನೋಡಿ. ಕೊಳ್ಳುವ ಮನಸ್ಸಿದ್ದರೆ ಎತ್ತಿನ ಹಲ್ಲು ನೋಡುವ ಮೊದಲು ಮಾಲೀಕನ ಕಾಲು ನೋಡಿ, ಮಾರುವ ಗಡಿಬಿಡಿ ಇದ್ದವನ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಕೊಡುವವನ ಕಡೆಯ ದಲಾಲಿ, ಕೊಳ್ಳುವವನ ಕಡೆಯ ದಲಾಲಿ ಎದುರುಬದುರು ನಿಂತು, ನಡುವೆ ಒಂದು ಟವೆಲ್ ಇಳಿಬಿಟ್ಟು, ಅದರ ಕೆಳಗೆ ಕೈ ಹಿಡಿಯುತ್ತಾರೆ. ಹಿಡಿದ ಬೆರಳು ಎಷ್ಟೋ ಅಷ್ಟು ಬೆಲೆ. ಇಡೀ ಅಂಗೈ ಒತ್ತಿದರೆ ಐದು. ಒತ್ತಿ ಬಿಟ್ಟು ಮತ್ತೆ ಬೆರಳು ಹಿಡಿದರೆ ಐದರ ಮೇಲಿನ ಲೆಕ್ಕ. ಸುತ್ತ ನಿಂತವರಿಗೆ ಕಾಣುವುದು ಬಟ್ಟೆಯ ಅಲುಗಾಟ ಮಾತ್ರ. ಟವೆಲ್ಲಿನ ಮೇಲೆ ನಮ್ಮ ಬಾಯಿ ಏನು ಬೇಕಾದರೂ ಹೇಳಬಹುದು: ಈ ಎತ್ತಿಗೆ ಒಮ್ಮೆಯೂ ಕೆಮ್ಮು ಬಂದಿಲ್ಲ ಎನ್ನಬಹುದು, ಇದು ನನ್ನ ಸ್ವಂತ ಮಗನಿದ್ದಂತೆ ಎನ್ನಬಹುದು, ಸಿಟ್ಟಿಗೆದ್ದು ಹೊರಟೇಬಿಡಬಹುದು. ಟವೆಲ್ಲಿನ ಕೆಳಗೆ ಮಾತ್ರ ಸುಳ್ಳಿಲ್ಲ. ಬೆರಳಿನಲ್ಲಿ ಸುಳ್ಳಾಡಿದ ದಲಾಲಿಗೆ ಮತ್ತೊಬ್ಬ ಕೈ ಕೊಡುವುದಿಲ್ಲ. ಇನ್ನೊಂದು ಕಟ್ಟಳೆಯೂ ಉಂಟು: ಕೆಳಗೆ ತಿಳಿದದ್ದನ್ನು ಮೇಲೆ ಮೂರನೆಯವನಿಗೆ ಬಾಯಿಬಿಟ್ಟು ಹೇಳಕೂಡದು.

ನನಗೆ ಇದನ್ನು ಕಲಿಸಿದವನು ಮೋಟೆಬೆನ್ನೂರಿನ ಫಕ್ಕೀರಪ್ಪ. ವಯಸ್ಸಿನಲ್ಲಿ ನನ್ನ ವಾರಿಗೆಯವನು, ಕಸುಬಿನಲ್ಲಿ ಹಿರಿಯ. ಸಂತೆಯಲ್ಲಿ ಹಗ್ಗ, ಹುರಿ, ಗೆಜ್ಜೆ ಮಾರಿಕೊಂಡು ನಿಂತಿದ್ದ ನನ್ನನ್ನು ಒಂದು ದಿನ ಏನೂ ಹೇಳದೆ ಹತ್ತಿರ ಎಳೆದು, ಕೈಯ ಮೇಲೆ ತನ್ನ ಟವೆಲ್ ಹೊದಿಸಿ, ನನ್ನ ಮೂರು ಬೆರಳು ಹಿಡಿದು ‘ಎಷ್ಟ?’ ಎಂದು ಕಣ್ಣಿನಲ್ಲೇ ಕೇಳಿದವನು. ನನ್ನನ್ನು ನಾನೇ ಬೆಳೆಸಿಕೊಂಡವನು ಎಂದು ಪೇಟೆಯಲ್ಲಿ ಎದೆಯುಬ್ಬಿಸಿ ತಿರುಗುತ್ತೇನೆ, ಅದು ಬಹುಮಟ್ಟಿಗೆ ನಿಜವೂ ಹೌದು. ಆದರೆ ಆ ಮೊದಲ ಹಿಡಿತವನ್ನು ಕಳೆದು ಲೆಕ್ಕ ಹಾಕಿದರೆ ಏನು ಉಳಿಯುತ್ತದೆಂದು ಎಂದೂ ಎಣಿಸಲು ಹೋಗಿಲ್ಲ.

ಒಂದು ಬೇಸಿಗೆಯಲ್ಲಿ ಫಕ್ಕೀರಪ್ಪ ಸೊರಗತೊಡಗಿದ. ಎರಡು ತುತ್ತಿಗೆ ಹೊಟ್ಟೆ ತುಂಬಿತು ಎನ್ನುವನು, ಎಡಪಕ್ಕೆಯಲ್ಲಿ ಏನೋ ಭಾರ ಎನ್ನುವನು, ಸಂತೆಯಲ್ಲಿ ನಿಲ್ಲುವ ಬದಲು ಗಾಡಿಯ ನೊಗದ ಮೇಲೆ ಕೂರುವನು. ರಕ್ತ ನೋಡಿಸಿದಾಗ ಬಿಳಿಯ ಕಣಗಳು ಮಿತಿಮೀರಿ ಹೆಚ್ಚಿರುವುದು ಗೊತ್ತಾಯಿತು. ರಾಣೆಬೆನ್ನೂರಿನ ಒಂದು ಆಸ್ಪತ್ರೆಗೆ ರಕ್ತದ ಕಾಯಿಲೆಯ ಡಾಕ್ಟರಮ್ಮ ಒಬ್ಬರು ಹೊರಗಿನಿಂದ ತಿಂಗಳಿಗೊಮ್ಮೆ ಬರುತ್ತಾರೆಂದು ತಿಳಿದು, ಅವನನ್ನೂ ಅವನ ಹೆಂಡತಿ ನೀಲವ್ವನನ್ನೂ ನನ್ನ ಕಾರಿನಲ್ಲಿ ಕೂರಿಸಿಕೊಂಡು ಹೋದೆ. ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. ಇದು ರಕ್ತದ ಕ್ಯಾನ್ಸರ್, ಆದರೆ ಇದಕ್ಕೆ ಒಳ್ಳೆಯ ಗುಳಿಗೆ ಇದೆ, ಎಂದರು. ನೀಲವ್ವ ಮೊದಲ ಅರ್ಧವನ್ನು ಕೇಳಿ ಅತ್ತಳು. ಫಕ್ಕೀರಪ್ಪ ಎರಡನೆಯ ಅರ್ಧವನ್ನು ಕೇಳಿ ಮೀಸೆ ತಿರುವಿದ.

ನಾನು ಮಾಲು ನೋಡದೆ ಮಾತಾಡುವವನಲ್ಲ. ಕಣ ಹೆಚ್ಚಾದದ್ದು ಯಾಕೆ, ಹೆಚ್ಚು ಎಂದು ಅದಕ್ಕೆ ಹೇಳಿದವರು ಯಾರು ಎಂದು ಪಟ್ಟು ಹಿಡಿದು ಕೇಳಿದೆ. ನಿಮಗೂ ಇದೇ ನನ್ನ ಸಲಹೆ: ಡಾಕ್ಟರ ಮುಂದೆ ನಾಚಿಕೊಳ್ಳಬೇಡಿ, ಗೊತ್ತಾಗುವ ತನಕ ಕೇಳಿ. ಆ ತಾಯಿ ಬೇಸರಿಸದೆ, ಔಷಧದ ಖಾಲಿ ಡಬ್ಬಿಯೊಂದನ್ನು ಹರಿದು ಅದರ ಬೆನ್ನ ಮೇಲೆ ಒಂದು ದೊಡ್ಡ ಸುತ್ತು, ಅದರೊಳಗೆ ಒಂದು ಸಣ್ಣ ಸುತ್ತು ಬರೆದರು. ದೊಡ್ಡದು ಜೀವಕೋಶ, ಸಣ್ಣದು ಅದರ ಕೇಂದ್ರ. ಕೇಂದ್ರದೊಳಗೆ ಜೀನುಗಳಿವೆ, ಶರೀರವನ್ನು ಕಟ್ಟುವ ಎಲ್ಲ ವಿಧಾನವೂ ಅಲ್ಲಿ ಬರೆದಿಟ್ಟಿದೆ. ವಿಚಿತ್ರ ನೋಡಿ, ಕಣ್ಣಿನ ಕೋಶದಲ್ಲಿರುವುದೂ ಅದೇ ಬರಹ, ಹಿಮ್ಮಡಿಯ ಕೋಶದಲ್ಲಿರುವುದೂ ಅದೇ. ನಮ್ಮ ಬ್ಯಾಡಗಿ ಮೆಣಸಿನ ಗಿಡದ ಬೇರಿನಲ್ಲಿಯೂ ಆ ಕಡುಗೆಂಪು ಬಣ್ಣದ ಜೀನು ಇದ್ದೇ ಇದೆಯಂತೆ, ಆದರೆ ಬೇರು ಕೆಂಪಾಗುವುದಿಲ್ಲ, ಹಣ್ಣಾದ ಕಾಯಿ ಮಾತ್ರ ಕೆಂಪಾಗುತ್ತದೆ. ಯಾವ ಜೀನು ಎಲ್ಲಿ ಯಾವಾಗ ಎಚ್ಚರಾಗಬೇಕು, ಯಾವುದು ಮಲಗಿರಬೇಕು ಎಂಬುದಕ್ಕೆ ಅಪ್ಪಣೆ ಬೇಕು. ಆ ಅಪ್ಪಣೆಯ ದಾರಿಯನ್ನೇ ಡಾಕ್ಟರಮ್ಮ ಬಾಣ ಬರೆದು ತೋರಿಸಿದರು.

ರಕ್ತದಲ್ಲಿ ತೇಲಿ ಬಂದ ಸಂದೇಶದ ಅಣು ಕೋಶದ ಒಳಗೆ ಹೋಗಲೇಬೇಕೆಂದಿಲ್ಲ. ಹೊರಗೋಡೆಯಲ್ಲಿ ನಿಂತವನೊಬ್ಬನ ಕೈ ಮುಟ್ಟಿದರೆ ಸಾಕು. ಹಾಗೆ ನಿಂತವನಿಗೆ ವಿಜ್ಞಾನದಲ್ಲಿ ಗ್ರಾಹಕ ಎನ್ನುತ್ತಾರಂತೆ; ನಮ್ಮ ಪೇಟೆಯ ಗ್ರಾಹಕನಿಗೆ ಹೋಲಿಸಿದರೆ ಇವನು ಚೌಕಾಸಿ ಮಾಡದ ಸಾಧು. ಹೊರಗೆ ಮುಟ್ಟಿದೊಡನೆ ಅವನ ಒಳಗಿನ ತುದಿ ಮಿಸುಕುತ್ತದೆ, ಪಕ್ಕದ ಪ್ರೋಟೀನಿನ ಮೈಮೇಲೆ ಒಂದು ಪುಟ್ಟ ಗುರುತು ಒತ್ತುತ್ತದೆ. ಗುರುತು ಬಿದ್ದದ್ದು ಎಚ್ಚತ್ತು ಮುಂದಿನದಕ್ಕೆ ಒತ್ತುತ್ತದೆ, ಅದು ಅದರ ಮುಂದಿನದಕ್ಕೆ. ಹೀಗೆ ಕೈಯಿಂದ ಕೈಗೆ ದಾಟಿ, ಕೊನೆಯವನು ಕೇಂದ್ರದೊಳಗೆ ಹೊಕ್ಕು ಸರಿಯಾದ ಜೀನಿನ ಪಕ್ಕ ಕುಳಿತಾಗ ಅದು ಬಾಯಿ ತೆರೆಯುತ್ತದೆ, ಅದರ ನಕಲು ಹೊರಬರುತ್ತದೆ, ಆ ನಕಲಿನಂತೆ ಕೆಲಸ ನಡೆಯುತ್ತದೆ. ಕೆಲಸ ಮುಗಿದೊಡನೆ ಗುರುತು ಅಳಿಸುವವರೂ ಇದ್ದಾರೆ. ಹಿಡಿದ ಕೈ ಬಿಡದಿದ್ದರೆ ಮುಂದಿನ ವ್ಯಾಪಾರ ಹೇಗೆ ನಡೆದೀತು?

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ‘ಇದು ನಮ್ಮ ಸಂತಿ ದಂಧೇನ ಐತಲ್ರಿ ಅಮ್ಮಾರ!’ ಎಂದು, ಹೆಗಲ ಟವೆಲ್ ತೆಗೆದು, ಫಕ್ಕೀರಪ್ಪನ ಕೈ ಹಿಡಿದು, ದಲಾಲಿಗಳ ಬೆರಳು ಹೇಗೆ ಮಾತಾಡುತ್ತವೆಂದು ಅವರಿಗೆ ತೋರಿಸಿದೆ. ಕೆಳಗೆ ಸುಳ್ಳಿಲ್ಲ, ಕೆಳಗಿನದು ಮೇಲೆ ಬರುವುದಿಲ್ಲ ಎಂಬ ಕಟ್ಟಳೆಯನ್ನೂ ಹೇಳಿದೆ. ಅವರು ನಕ್ಕರು. ‘ಹಾಗಾದರೆ ನಿಮ್ಮ ಗೆಳೆಯನ ಕಾಯಿಲೆ ಸುಲಭವಾಗಿ ಹೇಳಬಹುದು,’ ಎಂದರು. ‘ಇವರ ಮೂಳೆಯ ಮಜ್ಜೆಯಲ್ಲಿ ಒಂದು ಕೋಶದೊಳಗೆ ಎರಡು ಜೀನುಗಳ ತುಂಡು ತಪ್ಪಾಗಿ ಅಂಟಿಕೊಂಡಿವೆ. ಅದರಿಂದ ಒಬ್ಬ ಕೆಟ್ಟ ದಲಾಲಿ ಹುಟ್ಟಿದ್ದಾನೆ. ಹೊರಗೆ ಕೊಳ್ಳುವವರು ಯಾರೂ ಬಂದಿಲ್ಲ, ಆದರೂ ಅವನು ಪಕ್ಕದವನ ಕೈ ಹಿಡಿದು ಒತ್ತುತ್ತಲೇ ಇರುತ್ತಾನೆ. ಒಳಗಿನ ಜೀನುಗಳು, ಬೇಡಿಕೆ ಬಂದಿದೆ ಅಂದುಕೊಂಡು ಹೆಚ್ಚು, ಹೆಚ್ಚು ಅಂತಲೇ ಇರುತ್ತವೆ.’

‘ಗುಳಿಗಿ ಏನ ಮಾಡತೈತ್ರಿ?’

‘ಅವನಿಗೆ ಬಲ ಕೊಡುವ ಕಣ ಬಂದು ಕೂರುವುದಕ್ಕೆ ಒಂದು ಗೂಡಿದೆ. ಗುಳಿಗೆ ಆ ಗೂಡಿನಲ್ಲಿ ಹೋಗಿ ಕೂರುತ್ತದೆ. ಅವನ ಕೈ ಸೋಲುತ್ತದೆ. ಆದರೆ ದಿನಕ್ಕೊಂದು ಗುಳಿಗೆ, ಬದುಕಿರುವ ತನಕ. ಒಂದು ದಿನ ಗೂಡು ಖಾಲಿ ಬಿದ್ದರೂ ಅವನು ಮತ್ತೆ ಒತ್ತಲು ಶುರುಮಾಡುತ್ತಾನೆ.’

ಗುಳಿಗೆ ಕೆಲಸ ಮಾಡಿತು. ಎಡಪಕ್ಕೆಯ ಭಾರ ಇಳಿಯಿತು, ಮುಖಕ್ಕೆ ಕಳೆ ಬಂತು, ಫಕ್ಕೀರಪ್ಪ ಸಂತೆಯಲ್ಲಿ ಮೊದಲಿನಂತೆ ಎತ್ತಿನ ಬಾಲ ತಿರುವುತ್ತ ನಿಂತ. ಆ ಅಂಟಿಕೊಂಡ ಜೀನು ರಕ್ತದಲ್ಲಿ ಎಷ್ಟು ಉಳಿದಿದೆ ಎಂದು ಕೆಲವು ತಿಂಗಳಿಗೊಮ್ಮೆ ನೋಡುತ್ತಾರೆ; ಪ್ರತಿ ಸಲವೂ ಅದು ಇಳಿಯುತ್ತ ಹೋಯಿತು. ಆಮೇಲೊಂದು ಸಲ ಏರಿತು.

ಆ ದಿನ ಡಾಕ್ಟರಮ್ಮನ ಮುಖದಲ್ಲಿ ನಗುವಿರಲಿಲ್ಲ. ‘ಗುಳಿಗೆ ತಪ್ಪಿಸಿದ್ದೀರಾ, ಫಕ್ಕೀರಪ್ಪನವರೇ?’

‘ಒಂದ ದಿನಾನೂ ಬಿಟ್ಟಿಲ್ರೀ!’

‘ಖರೇನ್ರಿ, ದಿನಾ ಮುಂಜಾನೆ ನಾನ ಕೈಯಾಗ ಕೊಡ್ತೇನ್ರಿ, ನೀರೂ ನಾನ ಕೊಡ್ತೇನಿ,’ ಎಂದಳು ನೀಲವ್ವ.

‘ತಪ್ಪಿಸದೆಯೂ ಏರಿದ್ದರೆ ಆ ಗೂಡಿನ ಆಕಾರವೇ ಬದಲಾಗಿರಬಹುದು,’ ಎಂದರು ಡಾಕ್ಟರಮ್ಮ. ‘ಆಗ ಈ ಗುಳಿಗೆ ಅಲ್ಲಿ ಕೂರುವುದಿಲ್ಲ. ಬೇರೆ, ಇನ್ನೂ ಕಟುವಾದ ಔಷಧಕ್ಕೆ ಹೋಗಬೇಕು. ಅದು ಹೃದಯಕ್ಕೆ, ರಕ್ತನಾಳಕ್ಕೆ ತೊಂದರೆ ಕೊಡಬಹುದು. ಸ್ವಲ್ಪ ಹೊರಗೆ ಕುಳಿತಿರಿ, ಯೋಚಿಸಿ ಕರೆಯುತ್ತೇನೆ.’

ಹೊರಗಿನ ಬೆಂಚಿನ ಮೇಲೆ ಮೂವರೂ ಕುಳಿತೆವು. ನೀಲವ್ವ ಸೆರಗಿನ ತುದಿಯನ್ನು ಸುತ್ತುತ್ತಿದ್ದಳು, ಬಿಡಿಸುತ್ತಿದ್ದಳು. ನನ್ನ ಕಿವಿಯಲ್ಲಿ ಮಾತ್ರ ಆ ‘ಬಿಟ್ಟಿಲ್ರೀ’ ಎಂಬುದು ಗುಯ್ಗುಡುತ್ತಿತ್ತು. ಆ ಏರುದನಿಯನ್ನು ನಾನು ಬಲ್ಲೆ. ಈ ಎತ್ತಿಗೆ ಒಮ್ಮೆಯೂ ಕೆಮ್ಮು ಬಂದಿಲ್ಲ ಎಂದು ಹೇಳುವಾಗ ಅವನು ತೆಗೆಯುವ ದನಿ ಅದೇ, ಅಷ್ಟೇ ಎತ್ತರ, ಅಷ್ಟೇ ಸಿಟ್ಟು. ಬಾಯಿಯಿಂದ ಕೇಳಿದರೆ ಬಾಯಿಯೇ ಉತ್ತರ ಕೊಡುತ್ತದೆ. ಟವೆಲ್ ತೆಗೆದು ನಮ್ಮಿಬ್ಬರ ನಡುವೆ ಹಾಸಿದೆ. ಅದರ ಕೆಳಗೆ ಕೈ ಚಾಚಿದೆ. ಅವನು ನನ್ನ ಮುಖ ನೋಡಿದ, ಗೋಡೆ ನೋಡಿದ, ಆಮೇಲೆ ಕೈ ತಂದ. ಅಂಗೈ ಒತ್ತಿ ಬಿಟ್ಟು ಮತ್ತೆ ಎರಡು ಬೆರಳು ಹಿಡಿದು, ಏಳು ದಿನಕ್ಕೆ ನುಂಗಿದ್ದು ಎಷ್ಟು ಎಂದು ಕಣ್ಣಿನಲ್ಲೇ ಕೇಳಿದೆ. ಅವನು ನನ್ನ ನಾಲ್ಕು ಬೆರಳು ಹಿಡಿದ.

ನೀಲವ್ವ ನೀರು ತರಲೆಂದು ಎದ್ದು ಹೋದದ್ದೇ ತಡ, ಹಲ್ಲು ಕಚ್ಚಿ ಕೇಳಿದೆ. ‘ಯಾಕಲೇ?’

‘ಬದುಕಿರೋಮಟಾ ದಿನಕ್ಕೊಂದ ಅಂದ್ಲಲ್ಲೋ ಆಕಿ. ಮೊದಲನೇ ರೇಟ್ ಯಾರರ ಒಪ್ಕೋತಾರನು? ನೀನ ಹೇಳ, ನೀ ಒಪ್ಕೋತೀಯೇನು?’

‘ನಿನ್ನ ಬಾಯಾಗ ಮಣ್ಣ ಹಾಕ!’

‘ಕಾಲ ಸೆಟೀತಿದ್ವು, ಕಣ್ಣ ಬಾತಿದ್ವು. ಒಂದಿನ ಬಿಟ್ಟ ನೋಡಿದೆ, ಏನೂ ಆಗ್ಲಿಲ್ಲ. ಮತ್ತೊಂದಿನ ಬಿಟ್ಟೆ. ಆರಾಮ ಇದ್ದೆ. ಅಂದ್ರ ಸೌದಾ ಇಳೀತು ಅಂದಂಗ ಅಲ್ಲೇನು? ಉಳದ ಗುಳಿಗಿ ಒಗದಿಲ್ಲೋ, ಹಿಂಡಿ ಡಬ್ಬ್ಯಾಗ ಜ್ವಾಕಿ ಮಾಡಿಟ್ಟೇನಿ.’

ನಗಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. ಅಂಥ ಮಾಲನ್ನು ದನದ ಹಿಂಡಿಯೊಳಗೆ ಉಳಿತಾಯ ಮಾಡಿಟ್ಟ ಜಾಣ! ಗೆಳೆಯರೇ, ಈ ತಪ್ಪನ್ನು ಬೇರೆ ಯಾರೂ ಮಾಡಲಾರರು. ಮರೆತು ಬಿಟ್ಟವರಿದ್ದಾರೆ, ಬೇಸತ್ತು ಬಿಟ್ಟವರಿದ್ದಾರೆ. ಡಾಕ್ಟರು ಹೇಳಿದ್ದು ಆರಂಭದ ಬೆಲೆ, ಅದನ್ನು ಇಳಿಸದಿದ್ದರೆ ತನ್ನ ಕಸುಬಿಗೆ ಅವಮಾನ ಎಂದುಕೊಂಡು ಬಿಡುವುದು ದನದ ಸಂತೆಯಲ್ಲಿ ಬೆಳೆದವನಿಗೆ ಮಾತ್ರ ಸಾಧ್ಯ. ಅವನು ಚೌಕಾಸಿ ಮಾಡಿದ್ದಾದರೂ ಯಾರ ಜೊತೆಗೆ? ಡಾಕ್ಟರಮ್ಮ ಮಾಲೀಕರಲ್ಲ, ಆ ಕಡೆಯ ಬೆಲೆಯನ್ನು ನಮಗೆ ತಿಳಿಸಿದವರು ಅಷ್ಟೆ. ಆ ಕಡೆ ಇದ್ದದ್ದು ಕಿವಿಯಿಲ್ಲದ, ಮುಖವಿಲ್ಲದ, ನಿದ್ದೆಯಿಲ್ಲದ ಒಂದು ಪ್ರೋಟೀನು. ಅದರ ಮುಂದೆ ಎದ್ದು ಹೊರಟಂತೆ ನಟಿಸಿದರೆ ಅದು ಹಿಂದಿನಿಂದ ಕೂಗಿ ಕರೆಯುವುದಿಲ್ಲ, ನಾವು ಬಿಟ್ಟುಹೋದ ಜಾಗದಲ್ಲಿ ಕುಳಿತುಕೊಳ್ಳುತ್ತದೆ.

‘ಡಾಕ್ಟರಮ್ಮಗ ಹೇಳಲೇ ಲಗೂ. ಖರೇ ಗೊತ್ತಿಲ್ದ ಆಕಿ ಔಷಧಾನ ಬದಲಿಸ್ತಾಳ.’

‘ನೀಲಿ ಮುಂದ ಏನಂತ ಹೇಳ್ಲಿ? ದಿನಾ ಕೈಯಾಗ ಕೊಟ್ಟಾಕಿ ಆಕಿ. ನಾಲಿಗಿ ಕೆಳಗ ಇಟ್ಕೊಂಡು ಹಿತ್ತಲಕ್ಕ ಹೋಗಿ ತಗದೀನಿ ಅಂತ ಹೇಳ್ಲೇನು? ನೀನೂ ಹೇಳಂಗಿಲ್ಲ ನೋಡ. ಟಾವೆಲ್ ಕೆಳಗಿನ ಮಾತ ಅದು.’

ಅಲ್ಲಿಗೆ ನನ್ನ ಬಾಯಿ ಕಟ್ಟಿತು. ಹೇಳಿದರೆ, ಇಷ್ಟು ವರ್ಷ ನನ್ನನ್ನು ಮನುಷ್ಯನನ್ನಾಗಿ ನಿಲ್ಲಿಸಿದ ಕಟ್ಟಳೆಯೊಂದು ಮುರಿಯುತ್ತದೆ, ಅದೂ ಅದನ್ನು ಕಲಿಸಿದವನ ಎದುರಿಗೇ. ಹೇಳದಿದ್ದರೆ, ಕೆಲಸ ಮಾಡುತ್ತಿರುವ ಔಷಧವನ್ನು ಕೆಟ್ಟಿತೆಂದು ಎಸೆದು, ಅವನ ಎದೆಗೆ ಬೇಕಿಲ್ಲದ ಭಾರವನ್ನು ಹೊರಿಸುತ್ತಾರೆ. ನಾನು ಬುದ್ಧಿವಂತ ಎಂದು ಹೆಸರಾದವನು. ಆ ಬೆಂಚಿನ ಮೇಲೆ ನನ್ನ ಬುದ್ಧಿಯೆಲ್ಲ ಬಿಸಿಲಿಗೆ ಹರವಿದ ಕಾಯಿಯಂತೆ ಸುಕ್ಕುಗಟ್ಟಿತು. ಕೋಶದ ಒಳಗೂ ಇಂಥದೇ ಇಕ್ಕಟ್ಟು ಇರಬಹುದೇ ಎಂದುಕೊಂಡೆ. ಹೊರಗೋಡೆಗೆ ಬಂದು ಮುಟ್ಟಿದ ಸುದ್ದಿ ನಡುವಿನ ಒಂದೇ ಒಂದು ಕೈ ಸುಮ್ಮನಾದರೆ ಕೇಂದ್ರವನ್ನು ಮುಟ್ಟುವುದಿಲ್ಲ. ಒಳಗೆ ಎಷ್ಟು ಒಳ್ಳೆಯ ಜೀನು ಬರೆದಿಟ್ಟಿದ್ದರೇನು, ಅದು ಮಲಗಿಯೇ ಇರುತ್ತದೆ. ಈಗ ಆ ನಡುವಿನ ಕೈ ನಾನಾಗಿದ್ದೆ. ಬಾಗಿಲು ತೆರೆಯಿತು. ಫಕ್ಕೀರಪ್ಪನ ಹೆಸರು ಕೂಗಿದರು.

ಡಾಕ್ಟರಮ್ಮ ಔಷಧ ಬದಲಿಸುವ ಮಾತನ್ನೇ ಎತ್ತಿದರು. ‘ಇನ್ನೊಮ್ಮೆ ಕೇಳುತ್ತೇನೆ. ದಿನಾ ತಗೊಂಡಿದ್ದೀರಿ ತಾನೆ?’

ಈ ಸಲ ಫಕ್ಕೀರಪ್ಪ ಕೂಗಲಿಲ್ಲ. ಹೂಂ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಮೇಜಿನ ಅಂಚಿನ ಮೇಲೆ ಅವನ ಬಲಗೈ ಇತ್ತು. ಆ ಕೈ ನೋಡಿದ ಕ್ಷಣ ನನಗೆ ದಾರಿ ಹೊಳೆಯಿತು. ತುಟಿ ಬಿಚ್ಚದೆ ಹೆಗಲಿನಿಂದ ಟವೆಲ್ ತೆಗೆದೆ, ಅವನ ಕೈಯ ಮೇಲೆ ಹೊದಿಸಿದೆ, ಇನ್ನೊಂದು ತುದಿಯನ್ನು ಡಾಕ್ಟರಮ್ಮನ ಕಡೆಗೆ ಸರಿಸಿದೆ.

ಅವರು ಟವೆಲ್ ನೋಡಿದರು, ನನ್ನನ್ನು ನೋಡಿದರು. ಮರೆತಿದ್ದಾರೋ ಏನೋ ಎಂದುಕೊಂಡೆ. ಮರೆತಿರಲಿಲ್ಲ. ಕೈಗವಸು ಕಳಚಿ ಪಕ್ಕಕ್ಕಿಟ್ಟು, ಆ ಮಾಸಿದ ಬಟ್ಟೆಯ ಕೆಳಗೆ ಕೈ ಹಾಕಿದರು. ‘ಏಳು ದಿನಕ್ಕೆ ಎಷ್ಟು?’ ಎಂದು ಮೆಲ್ಲಗೆ ಕೇಳಿದರು.

ಬಟ್ಟೆ ಅಲುಗಲಿಲ್ಲ. ಹೊರಗೆ ಯಾರದೋ ಮಗು ಅಳುತ್ತಿತ್ತು. ನಾನು ಅಷ್ಟು ವ್ಯಾಪಾರ ಕಂಡವನು, ಒಂದು ಟವೆಲ್ಲಿನ ಅಲುಗಾಟಕ್ಕೆ ಅಷ್ಟು ಕಾದದ್ದಿಲ್ಲ. ಆಮೇಲೆ ಅದು ಅಲುಗಿತು. ಡಾಕ್ಟರಮ್ಮ ಕಣ್ಣು ಮುಚ್ಚಿ ತೆರೆದರು. ಕೈ ಮಾತ್ರ ತಕ್ಷಣ ಹಿಂದೆ ತೆಗೆಯಲಿಲ್ಲ.

‘ಎಷ್ಟಂತ್ರಿ?’ ನೀಲವ್ವ ಕೇಳಿದಳು. ಅವಳೇನು ದಡ್ಡಿಯಲ್ಲ, ದಲಾಲಿಯ ಮನೆಯಲ್ಲಿ ಬಾಳಿದವಳು. ಎದ್ದು ಬಂದವಳೇ ಡಾಕ್ಟರಮ್ಮನ ಕೈ ಸರಿಸಿ, ಟವೆಲ್ಲಿನ ಕೆಳಗೆ ತನ್ನ ಕೈ ತೂರಿಸಿದಳು. ಹೆಂಗಸರ ಕೈ ಆ ಬಟ್ಟೆಯ ಕೆಳಗೆ ಹೋದದ್ದನ್ನು ನಾನು ಅಂದೇ ನೋಡಿದ್ದು, ಒಂದೇ ದಿನ ಎರಡು ಸಲ. ‘ನನಗೂ ಹೇಳ್ರಿ,’ ಎಂದಳು. ಅವನು ಹೇಳಿದ. ಅವಳು ಬೆರಳುಗಳನ್ನು ಒಂದೊಂದಾಗಿ ಎಣಿಸಿದಳೆಂದು ಬಟ್ಟೆಯ ಮೇಲಿನಿಂದಲೇ ಕಾಣುತ್ತಿತ್ತು. ಎಣಿಸಿ, ಕೈ ಬಿಡದೆ, ‘ಉಳದಾವು ಎಲ್ಲಿ?’ ಎಂದಳು.

‘ಹಿಂಡಿ ಡಬ್ಬ್ಯಾಗ.’

‘ಎತ್ತಿಗೆ ತಿನಿಸಿಲ್ಲಲ್ಲ, ಪುಣ್ಯಾ,’ ಎಂದಳು.

ಔಷಧ ಬದಲಾಗಲಿಲ್ಲ. ಡಾಕ್ಟರಮ್ಮ ಹೇಳಿದರು: ಹಿಂಡಿ ಮೆತ್ತಿದ ಗುಳಿಗೆಗಳನ್ನು ಎಸೆಯಬೇಕು, ಹೊಸದನ್ನು ದಿನವೂ ತಪ್ಪದೆ ನುಂಗಬೇಕು, ಮೂರು ತಿಂಗಳ ಬಳಿಕ ಮತ್ತೆ ನೋಡೋಣ. ಗೂಡಿನ ಆಕಾರ ಬದಲಾಗಿದೆಯೇ ಎಂಬ ಪರೀಕ್ಷೆಗೂ ಇಂದೇ ರಕ್ತ ಕಳಿಸುತ್ತೇನೆ. ಖಾಲಿ ಬಿಟ್ಟ ದಿನಗಳಲ್ಲಿ ಅದು ಬದಲಾಗಿಬಿಟ್ಟಿದ್ದರೆ ಮಾತ್ರ ನನ್ನ ಕೈಯಲ್ಲಿ ಹೆಚ್ಚೇನಿಲ್ಲ. ಕಾಲು ಸೆಟೆಯುವುದಕ್ಕೆ ಬೇರೆ ಉಪಾಯ ಹೇಳಿಕೊಟ್ಟರು. ಅದನ್ನು ಮೊದಲೇ ಕೇಳಿದ್ದರೆ ಮೊದಲೇ ಸಿಗುತ್ತಿತ್ತು. ಇದನ್ನೂ ಸಲಹೆಯೆಂದೇ ಇಟ್ಟುಕೊಳ್ಳಿ: ತ್ರಾಸನ್ನು ಹೇಳಿ ಚೌಕಾಸಿ ಮಾಡಿ, ಮುಚ್ಚಿಟ್ಟು ಮಾಡಬೇಡಿ.

ಮೋಟೆಬೆನ್ನೂರಿನಲ್ಲಿ ಅವರನ್ನು ಇಳಿಸಿದಾಗ ನೀಲವ್ವ ಕಾರಿನ ಕಿಟಕಿಗೆ ಬಂದು ಕೈ ಚಾಚಿದಳು. ‘ಅಣ್ಣಾರ, ಆ ಟಾವೆಲ್ ಕೊಡ್ರಿ.’

‘ನಿಮ್ಮನ್ಯಾಗ ಟಾವೆಲ್ ಇಲ್ಲೇನ ತಂಗಿ?’

‘ಅದಾವ್ರಿ. ಆದ್ರ ಇವರು ಖರೇ ಹೇಳಿದ್ದು ಇದರ ಕೆಳಗ ಅಷ್ಟ್ರಿ.’

ಕೊಟ್ಟೆ. ಎಷ್ಟು ಬೆಲೆಗೂ ಕೊಡದ ವಸ್ತುವನ್ನು ಕೇಳಿದ ಮಾತಿಗೆ ಕೊಟ್ಟೆ. ಹೊಸದು ಕೊಳ್ಳಲು ತಿಂಗಳುಗಟ್ಟಲೆ ಮನಸ್ಸು ಬರಲಿಲ್ಲ.

ಮೂರು ತಿಂಗಳ ಬಳಿಕದ ಪರೀಕ್ಷೆಯ ಫಲ ಮೊನ್ನೆ ಬಂತು. ಗೂಡು ಬದಲಾಗಿಲ್ಲ. ಏರಿದ್ದದ್ದು ಮತ್ತೆ ಇಳಿಯತೊಡಗಿದೆ, ಹಿಂದೆ ಇದ್ದಷ್ಟು ಕೆಳಗೆ ಇನ್ನೂ ಹೋಗಿಲ್ಲ. ಹೋಗುತ್ತದೆಂದು ಡಾಕ್ಟರಮ್ಮ ಮಾತು ಕೊಡಲಿಲ್ಲ. ನಾನು ಆ ಮಾತನ್ನು ಎಳೆದು ಕೇಳಲೂ ಇಲ್ಲ. ಸುದ್ದಿ ಕೇಳಿ ಮೋಟೆಬೆನ್ನೂರಿಗೆ ಹೋದೆ. ವಾರದ ಕೊನೆಯ ದಿನವಾಗಿತ್ತು. ಪಡಸಾಲೆಯ ಗೂಟದಲ್ಲಿ ನನ್ನ ಟವೆಲ್ ಒಗೆದು, ಒಣಗಿಸಿ, ಮಡಿಸಿ ತೂಗುಹಾಕಿತ್ತು. ನೀಲವ್ವ ಅದನ್ನು ಇಳಿಸಿ ಗಂಡನ ಕೈಯ ಮೇಲೆ ಹೊದಿಸಿ ಎದುರು ಕುಳಿತಳು. ಬಾಯಿಯಲ್ಲಿ ಆ ಮಹಾರಾಯ ‘ಬೇಕಾದ್ರ ಐದ ಕೊಡ್ತೇನಿ, ಇಲ್ಲಾಂದ್ರ ಹೊಂಟೆ ನೋಡ!’ ಎಂದು ಸಂತೆಯ ದನಿಯಲ್ಲಿ ಕೂಗುತ್ತಿದ್ದ, ಅವಳು ‘ಹೋಗ್ರಿ, ಯಾರ ಕರದಾರ!’ ಎನ್ನುತ್ತಿದ್ದಳು. ಬಟ್ಟೆಯ ಕೆಳಗೆ ಅವನು ಅವಳ ಅಂಗೈಯನ್ನು ಇಡಿಯಾಗಿ ಒತ್ತಿದ, ಬಿಟ್ಟ, ಮತ್ತೆ ಎರಡು ಬೆರಳು ಹಿಡಿದ. ಅಲುಗಾಟದಲ್ಲೇ ನಾನು ಓದಿಕೊಂಡೆ: ಏಳಕ್ಕೆ ಏಳು.

ಹೊರಡುವಾಗ ನನ್ನ ಹೊಸ ಟವೆಲ್ ಕುತ್ತಿಗೆಗೆ ಚುಚ್ಚಿತು. ಚುಚ್ಚಲಿ. ಇದರ ಕೆಳಗೆ ಇನ್ನೂ ಯಾರ ಕೈಯೂ ಬಂದಿಲ್ಲ.